ವಾಸಂತಿ ಕಾವಲಿಗಿದ್ದ ಮಳೆದೇವರು

ಡಚ್ಚರ ನಾಡಿನ ನೈಮೆಗನ್ ಊರಿನ ವಾಸಂತಿಯವರು ಮನೆಗೆ ಬೀಗ ಹಾಕಿಕೊಂಡು ಬಸ್ ನಿಲ್ದಾಣದ ತನಕ ಬಂದು, ಒಲೆ ಆರಿಸಿದೆನೋ ಇಲ್ಲವೋ ಎಂದು ಮತ್ತೆ ತಿರುಗಿ ಹೋಗಿ ನೋಡಿ ಬರುವ ಪೈಕಿ. ಅವರ ಮನೆಯಲ್ಲಿರುವುದು ಪಾತ್ರೆ ಎತ್ತಿದರೆ ತಾನೇ ಆರುವ ಒಲೆ. ಗಂಡ ಸುರೇಶ ಇದನ್ನು ನೂರು ಸಲ ಹೇಳಿದ್ದಾರೆ. "ಗೊತ್ತು. ಆದ್ರೂ ಒಂದ್ಸಲ ನೋಡಿ ಬರ್ತೀನಿ," ಎಂದು ಅವರು ನೂರು ಸಲವೂ ಹೋಗಿ ಬಂದಿದ್ದಾರೆ.

ನಾನು ಹತ್ತಿರದ ವಾಗೆನಿಂಗನ್ ಊರಿನಲ್ಲಿ ಓದುತ್ತಿದ್ದ ವರ್ಷಗಳಲ್ಲಿ ತಿಂಗಳಿಗೊಂದು ಭಾನುವಾರ ಅವರ ಮನೆಗೆ ಜೋಳದ ರೊಟ್ಟಿ ತಿನ್ನಲು ಹೋಗುತ್ತಿದ್ದೆ. 2015ರ ಕೊನೆಯಲ್ಲಿ ಅವರಿಗೆ ಏನಾಯಿತೆಂಬುದನ್ನು ಸ್ವಲ್ಪ ಅವರ ಬಾಯಿಂದ, ಸ್ವಲ್ಪ ಸುರೇಶರಿಂದ, ಉಳಿದದ್ದನ್ನು ಮಗಳು ಸಿಂಧೂರಳಿಂದ ಕೇಳಿದ್ದೇನೆ. ವಸ್ತುಸಂಗ್ರಹಾಲಯದ ಹೆಸರನ್ನು ಬರೆಯಬೇಡ ಎಂದು ವಾಸಂತಿಯವರು ಕೇಳಿಕೊಂಡಿರುವುದರಿಂದ ಬರೆಯುವುದಿಲ್ಲ. ನೈಮೆಗನ್ನಿನಿಂದ ರೈಲಿನಲ್ಲಿ ಅರ್ಧ ತಾಸಿನ ದಾರಿ, ನದಿಯ ದಂಡೆಯ ಒಂದು ಊರು ಎಂದರೆ ಸಾಕು.

ವಾಸಂತಿಯವರು ಹುಟ್ಟಿದ್ದು ಗದಗದ ಕಡೆಯ ಹಳ್ಳಿಯಲ್ಲಿ. ಊರಿನ ತುಂಬ ಹಳೆಯ ಗುಡಿಗಳು. ಪೂಜೆ ನಿಂತು ನೂರಾರು ವರ್ಷವಾಗಿ, ಬಾವಲಿಗಳಿಗೆ ಮನೆಯಾದ ಗುಡಿಗಳು. ತಂದೆ ಬಸವಲಿಂಗಪ್ಪನವರು ಆ ಪಾಳುಗುಡಿಗಳ ಕಾವಲುಗಾರ. ಬೆಳಿಗ್ಗೆ ಕಸ ಗುಡಿಸುವುದು, ಹಗಲಿಡೀ ದನಗಳನ್ನೂ ಹೆಸರು ಕೆತ್ತುವ ಹುಡುಗರನ್ನೂ ಹೊರಗೆ ಅಟ್ಟುವುದು, ಸಂಜೆ ಕಬ್ಬಿಣದ ಗೇಟಿಗೆ ಬೀಗ ಹಾಕುವುದು. ಗುಡಿಸುವ ಮೊದಲು ಅವರು ಪ್ರತಿಯೊಂದು ಕಂಬದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದರು. ಮೆದುಕಲ್ಲಿನ ಕೆತ್ತನೆಯಿಂದ ರಾತ್ರಿ ಪುಡಿ ಉದುರಿದ್ದರೆ ಅದು ಬುಡದಲ್ಲಿ ಹಿಟ್ಟಿನಂತೆ ಬಿದ್ದಿರುತ್ತಿತ್ತು. ಮೊದಲೇ ಗುಡಿಸಿಬಿಟ್ಟರೆ ಗೊತ್ತಾಗುವುದೇ ಇಲ್ಲ. ಬಿರುಕು ಕಂಡಲ್ಲಿ ಅಡ್ಡಲಾಗಿ ಒಂದು ಗಾರೆಯ ಪಟ್ಟಿ ಮೆತ್ತಿ ತಾರೀಖು ಗೀಚುತ್ತಿದ್ದರು. ಪಟ್ಟಿ ಸೀಳಿದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಶಾಲೆಗೆ ಹೋಗುವ ಮೊದಲು ಪಟ್ಟಿಗಳನ್ನು ನೋಡಿ ಬರುವುದು ವಾಸಂತಿಯ ಕೆಲಸವಾಗಿತ್ತು. ಹತ್ತು ವರ್ಷದ ಹುಡುಗಿಗೆ ಅದು ಆಟವಾಗಿರಲಿಲ್ಲ. ಒಂದೊಂದು ಪಟ್ಟಿಯ ಹತ್ತಿರ ಹೋಗುವಾಗಲೂ ಎದೆ ಹೊಡೆದುಕೊಳ್ಳುತ್ತಿತ್ತಂತೆ.

ಮದುವೆಯಾಗಿ ಮೈಸೂರಿಗೆ ಹೋದರು. ಸುರೇಶರಿಗೆ ನೈಮೆಗನ್ನಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ 2010ರಲ್ಲಿ ಇಲ್ಲಿಗೆ ಬಂದರು. ಮೊದಲ ಮೂರು ವರ್ಷ ಭಾಷೆ ಕಲಿಯುವುದರಲ್ಲೇ ಕಳೆಯಿತು. ಡಚ್ ಪರೀಕ್ಷೆ ಪಾಸಾದ ಮೇಲೆ ಎಲ್ಲೆಲ್ಲಿಗೋ ಅರ್ಜಿ ಹಾಕಿದರು. ಕೊನೆಗೆ 2015ರಲ್ಲಿ ಕರೆದದ್ದು ಆ ವಸ್ತುಸಂಗ್ರಹಾಲಯ, ಪ್ರದರ್ಶನದ ಕೋಣೆ ಕಾಯುವ ಕೆಲಸಕ್ಕೆ. ಬುಧವಾರ, ಗುರುವಾರ, ಶನಿವಾರ. ಆರು ತಿಂಗಳ ಒಪ್ಪಂದ, ಜನವರಿಯಲ್ಲಿ ಮುಂದುವರಿಸುವುದೋ ಬಿಡುವುದೋ ತೀರ್ಮಾನ. ಸಂದರ್ಶನದಲ್ಲಿ ಅನುಭವ ಇದೆಯೇ ಎಂದು ಕೇಳಿದ್ದಕ್ಕೆ, "ನಮ್ಮ ತಂದೆಗೆ ಇದೆ," ಎಂದುಬಿಟ್ಟರಂತೆ. ಎದುರಿಗೆ ಕೂತಿದ್ದವರು ನಕ್ಕರು. ಆ ನಗು ಒಳ್ಳೆಯದೋ ಕೆಟ್ಟದೋ ಎಂದು ಅವರು ಒಂದು ವಾರ ಚಿಂತಿಸಿದರು. ಕೆಲಸ ಸಿಕ್ಕಿತ್ತು.

ಆ ವರ್ಷ ಸೆಪ್ಟೆಂಬರಿನಿಂದ ಜನವರಿ ತನಕ ಅಲ್ಲಿ ಮೆಕ್ಸಿಕೋದ ಹಳೆಯ ಅಜ್ಟೆಕ್ ಜನರ ಪ್ರದರ್ಶನ. ಮೆಕ್ಸಿಕೋ ನಗರದ ರಸ್ತೆಗಳ ಕೆಳಗೆ ಹೂತುಹೋಗಿದ್ದ ಅವರ ಮಹಾದೇವಾಲಯದ ಅವಶೇಷಗಳು, ಅಲ್ಲಿ ಅಗೆದು ತೆಗೆದ ಕಲ್ಲುಗಳು, ಚೂರಿಗಳು, ಶಂಖಗಳು, ಮುಖವಾಡಗಳು. ಒಂದು ಕೋಣೆಯ ನಡುವೆ ಆ ದೇವಾಲಯದ ಮರದ ಮಾದರಿ ಇತ್ತು. ಒಬ್ಬ ರಾಜ ಕಟ್ಟಿಸಿದ ಗುಡಿಯ ಮೇಲೆ ಮುಂದಿನವನು ದೊಡ್ಡ ಗುಡಿ ಕಟ್ಟಿಸಿ, ಅದರ ಮೇಲೆ ಇನ್ನೊಬ್ಬ, ಹೀಗೆ ಈರುಳ್ಳಿಯ ಸಿಪ್ಪೆಯಂತೆ ಗುಡಿಯೊಳಗೆ ಗುಡಿ. ಇನ್ನೊಂದು ಗೋಡೆಯ ಮೇಲೆ ಆ ನಾಡಿನಿಂದ ಲೋಕಕ್ಕೆಲ್ಲ ಹೋದ ಬೆಳೆಗಳ ಚಿತ್ರ: ಮೆಕ್ಕೆಜೋಳ, ಟೊಮ್ಯಾಟೊ, ಮೆಣಸಿನಕಾಯಿ. ಫೋನಿನಲ್ಲಿ ಅದನ್ನು ಹೇಳಿದಾಗ ಬಸವಲಿಂಗಪ್ಪನವರು ಒಪ್ಪಲಿಲ್ಲ. "ಬ್ಯಾಡಗಿ ಮೆಣಸಿನಕಾಯಿ ನಮ್ಮದವ್ವ. ಅಲ್ಲಿಂದ ಯಾರ್ ತರ್ತಾರ ಅದನ್ನ?" ಎಂದು ವಾದ ಮಾಡಿದರು.

ವಾಸಂತಿಯವರಿಗೆ ಕೊಟ್ಟದ್ದು ಮೂರನೆಯ ಕೋಣೆ. ಅಲ್ಲಿ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಒಂದೇ ವಸ್ತು. ಐದು ವರ್ಷದ ಮಗುವಿನ ಎತ್ತರದ ಮಣ್ಣಿನ ಹರವಿ. ಅದರ ಮೈಮೇಲೆ ಮಳೆದೇವರ ಮುಖ. ಕನ್ನಡಕ ಹಾಕಿದಂಥ ಎರಡು ದುಂಡು ಕಣ್ಣು, ಮೇಲ್ದುಟಿಯಿಂದ ಇಳಿದ ಉದ್ದನೆಯ ಹಲ್ಲುಗಳು, ಅಲ್ಲಲ್ಲಿ ಉಳಿದಿದ್ದ ನೀಲಿ ಬಣ್ಣ, ಬುಡಕ್ಕೆ ಗಿಡ್ಡ ಕಾಲುಗಳು. ಐನೂರು ವರ್ಷದ ಹಿಂದೆ ದೇವಾಲಯದ ಮೆಟ್ಟಿಲ ಬಳಿ ಹೂತಿಟ್ಟದ್ದು, ಚೂರುಗಳಾಗಿ ಸಿಕ್ಕಿ, ಅಲ್ಲಿನವರು ವರ್ಷಗಟ್ಟಲೆ ಕೂತು ಜೋಡಿಸಿದ್ದು. ಪ್ರದರ್ಶನ ತೆರೆಯುವ ಹಿಂದಿನ ಸಂಜೆ ಸಿಬ್ಬಂದಿಯ ಮನೆಯವರನ್ನು ಕರೆದಿದ್ದರು. ಹದಿನಾಲ್ಕು ವರ್ಷದ ಸಿಂಧೂರ ಅದರ ಸುತ್ತ ತಿರುಗಿ ಫೋನಿನಲ್ಲಿ ಒಂದಷ್ಟು ಚಿತ್ರ ತೆಗೆದುಕೊಂಡಳು. "ಅಮ್ಮ, ಹಿ ಲುಕ್ಸ್ ಲೈಕ್ ಅವರ್ ಮ್ಯಾತ್ಸ್ ಟೀಚರ್," ಎಂದಳು.

ಮೊದಲ ತಿಂಗಳಲ್ಲೇ ವಾಸಂತಿಯವರು ಎರಡು ಸಲ ಗಾಬರಿಗೊಂಡು ಮೇಲ್ವಿಚಾರಕ ರೀನ್‌ರಿಗೆ ವಾಕಿಟಾಕಿಯಲ್ಲಿ ಕರೆ ಮಾಡಿದ್ದರು. ಒಂದು ಸಲ ಸುಟ್ಟ ವಾಸನೆ. ಕೆಳಗಿನ ಕೆಫೆಯಲ್ಲಿ ಬ್ರೆಡ್ ಕರಕಾಗಿತ್ತು. ಇನ್ನೊಂದು ಸಲ ವಾರಸುದಾರರಿಲ್ಲದ ಚೀಲ; ಅದು ಕಿಟಕಿ ಒರೆಸುವವನದು. ಮೊದಲ ಬಾರಿ ರೀನ್, "ಒಳ್ಳೆಯದೇ ಆಯಿತು ಹೇಳಿದ್ದು," ಎಂದರು. ಎರಡನೆಯ ಬಾರಿ ಬರೀ ತಲೆಯಾಡಿಸಿ ಹೋದರು. ಅರವತ್ತರ ಹತ್ತಿರದ ಮನುಷ್ಯ, ಮೂವತ್ತು ವರ್ಷ ಅಲ್ಲೇ ಕೆಲಸ ಮಾಡಿದವರು, ಕೆಟ್ಟವರಲ್ಲ. ಆದರೆ ಊಟದ ಕೋಣೆಯಲ್ಲಿ ಉಳಿದವರು ವಾಸಂತಿಯವರನ್ನು ಕಂಡು ಬ್ರೆಡ್ಡಿನ ಮಾತೆತ್ತಿ ನಗುವುದು ರೂಢಿಯಾಯಿತು. ಅವರೂ ಜೊತೆಗೆ ನಗುತ್ತಿದ್ದರು. ರೈಲಿನಲ್ಲಿ ಮನೆಗೆ ಬರುವಾಗ, ಜನವರಿಯಲ್ಲಿ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದರು.

ಕೋಣೆ ಕಾಯುವವರು ದಿನಕ್ಕೆ ಏಳು ತಾಸು ಒಂದೇ ಜಾಗದಲ್ಲಿ ನಿಲ್ಲುತ್ತಾರೆ. ವಾಸಂತಿಯವರ ಜಾಗ ಬಾಗಿಲ ಪಕ್ಕ, ನೆಲದ ಹಲಗೆಯಲ್ಲಿ ಕಪ್ಪು ಗಂಟೊಂದು ಇದ್ದಲ್ಲಿ. ಅಲ್ಲಿಂದ ಮಳೆದೇವರು ಅಡ್ಡವಾಗಿ, ಒಂದು ಪಕ್ಕದಿಂದ ಕಾಣುತ್ತಿದ್ದರು. ಅವರ ಉದ್ದನೆಯ ಹಲ್ಲಿನ ತುದಿ ಎದುರುಗೋಡೆಯ ಮೇಲಿನ ಹಸಿರು ದೀಪದ, ಅಂದರೆ ಹೊರದಾರಿ ತೋರಿಸುವ ದೀಪದ, ಮೂಲೆಗೆ ಸರಿಯಾಗಿ ತಾಗಿದಂತೆ ಕಾಣುತ್ತಿತ್ತು. ಬೇಸರ ಕಳೆಯಲು ವಾಸಂತಿಯವರು ಅದನ್ನೇ ನೋಡುತ್ತಿದ್ದರು. ಹಲ್ಲು, ದೀಪ. ಹಲ್ಲು, ದೀಪ.

ಅಕ್ಟೋಬರಿನಲ್ಲಿ ಮೇಲಿನ ಮಹಡಿಯಲ್ಲಿ ಮಕ್ಕಳಿಗೆ ಡೋಲು ಬಾರಿಸುವ ತರಗತಿ ಶುರುವಾಯಿತು. ಬುಧವಾರ ಮಧ್ಯಾಹ್ನ ಇಲ್ಲಿ ಶಾಲೆ ಇರುವುದಿಲ್ಲ. ಭಾನುವಾರ ಹೇಗೂ ರಜೆ. ಆ ಎರಡು ದಿನ ಅಜ್ಟೆಕ್ ಡೋಲಿನಂಥ ದೊಡ್ಡ ಮರದ ಡೋಲುಗಳನ್ನು ಇಪ್ಪತ್ತು ಮಕ್ಕಳು ಒಟ್ಟಿಗೆ ಬಾರಿಸುತ್ತಿದ್ದರು. ಮೂರನೆಯ ಕೋಣೆಯ ಚಾವಣಿ ಗುಂಯ್ಯೆನ್ನುತ್ತಿತ್ತು.

ಅಕ್ಟೋಬರ್ ಕೊನೆಯ ಒಂದು ಗುರುವಾರ ಬೆಳಿಗ್ಗೆ ವಾಸಂತಿಯವರು ತಮ್ಮ ಜಾಗದಲ್ಲಿ ನಿಂತಾಗ ಹಲ್ಲಿನ ತುದಿ ದೀಪದ ಮೂಲೆಯಲ್ಲಿ ಇರಲಿಲ್ಲ. ಸ್ವಲ್ಪ ಒಳಗೆ ಬಂದಿತ್ತು. ಹಲಗೆಯ ಗಂಟಿನ ಮೇಲೆ ಬೂಟು ಸರಿಯಾಗಿ ಇಟ್ಟು ಮತ್ತೆ ನೋಡಿದರು. ಒಳಗೇ ಇತ್ತು. ಪೆಟ್ಟಿಗೆಯ ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂತರು. ಹರವಿಯ ಬುಡದಲ್ಲಿ, ಬೂದು ಬಟ್ಟೆಯ ಮೇಲೆ, ಉಗುರಿನ ತುದಿಯಷ್ಟು ನೀಲಿ ಪುಡಿ.

ಎದ್ದು ವಾಕಿಟಾಕಿಯಲ್ಲಿ ರೀನ್‌ರನ್ನು ಕರೆದರು.

ರೀನ್ ಬಂದರು. ಪುಡಿಯನ್ನು ನೋಡಿ, "ಇದು ಮೊದಲ ದಿನದಿಂದಲೇ ಇದ್ದಿರಬೇಕು. ಇಷ್ಟು ಹಳೆಯ ಬಣ್ಣ," ಎಂದರು.

"ಅದು ಜರುಗಿದೆ, ರೀನ್. ಮುಂದಕ್ಕೆ ಬಂದಿದೆ."

"ಹೇಗೆ ಗೊತ್ತು?"

ವಾಸಂತಿಯವರು ಹಲ್ಲು ಮತ್ತು ದೀಪದ ವಿಷಯ ಹೇಳಿದರು. ಹೇಳುತ್ತ ಹೇಳುತ್ತ ಅದು ತಮಗೇ ಹುಚ್ಚುತನದಂತೆ ಕೇಳಿಸಿತು. ಡಚ್ ಪದಗಳು ಒಂದರ ಮೇಲೊಂದು ಬಿದ್ದವು. ರೀನ್ ಟ್ಯಾಬ್ಲೆಟ್ ತೆಗೆದು, ಹರವಿಯನ್ನು ಪೆಟ್ಟಿಗೆಯಲ್ಲಿ ಇಟ್ಟ ದಿನದ ಚಿತ್ರ ತೆರೆದು, ಎದುರಿಗೆ ನಿಂತು ಹೋಲಿಸಿದರು. ಚಿತ್ರದಲ್ಲಿ ಹೇಗಿತ್ತೋ ಹಾಗೇ ಇತ್ತು.

"ನೀವು ಒಂದು ಹೆಜ್ಜೆ ಆಚೀಚೆ ನಿಂತಿರುತ್ತೀರಿ, ವಾಸಂತಿ. ಚಿಂತೆ ಮಾಡಬೇಡಿ," ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು ಎನಿಸಿತು ಅವರಿಗೆ.

ಮುಂದಿನ ಎರಡು ವಾರ ಅವರಿಗೆ ಊಟ ಸೇರಲಿಲ್ಲ. ಕೆಲಸದ ದಿನಗಳಲ್ಲಿ ಮೂರನೆಯ ಕೋಣೆಗೆ ಕಾಲಿಡುವ ಮೊದಲು ಬಾಗಿಲಲ್ಲೇ ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದು ದಿನ ಹಲ್ಲು ಹೋದ ವಾರದ ಜಾಗದಲ್ಲೇ ಇದೆ ಎನಿಸಿ ಎದೆ ಹಗುರವಾಗುತ್ತಿತ್ತು. ಇನ್ನೊಂದು ದಿನ ಕೂದಲೆಳೆಯಷ್ಟು ಮುಂದೆ ಬಂದಿದೆ ಎನಿಸುತ್ತಿತ್ತು. ಕಣ್ಣಿನ ಪರೀಕ್ಷೆ ಮಾಡಿಸಿಕೊಂಡು ಬಂದರು. ಕಣ್ಣು ಸರಿಯಿತ್ತು.

"ನೋಡು, ಇದು ನಿನ್ನ ರೆಸ್ಪಾನ್ಸಿಬಿಲಿಟಿ ಅಲ್ಲ," ಎಂದರು ಸುರೇಶ. "ನೀನು ರಿಪೋರ್ಟ್ ಮಾಡಿದ್ದೀಯ, ಅವರು ಚೆಕ್ ಮಾಡಿದ್ದಾರೆ. ಮುಗೀತು. ಜನವರಿಲಿ ಕಾಂಟ್ರ್ಯಾಕ್ಟ್ ರಿನ್ಯೂ ಆಗ್ಬೇಕು. ಸುಮ್ನೆ ಇದ್ಬಿಡು."

"ಬಿದ್ರೆ?"

"ಬೀಳಲ್ಲ ವಾಸು. ಅಷ್ಟು ದೂರದಿಂದ ತಂದಿದ್ದಾರೆ, ಸುಮ್ನೆ ಇಟ್ಟಿರ್ತಾರಾ?"

ಪುಡಿ ಕಂಡ ವಾರವೇ ತಂದೆಗೆ ಫೋನ್ ಮಾಡಿದ್ದರು. ಬಸವಲಿಂಗಪ್ಪನವರು ಕೆಲಸದಿಂದ ನಿವೃತ್ತರಾಗಿ ಗದಗದಲ್ಲಿ ಮಗನ ಮನೆಯಲ್ಲಿದ್ದರು. ಎಲ್ಲವನ್ನೂ ಕೇಳಿಕೊಂಡರು.

"ನೀ ನಿಂದ್ರೂ ಜಾಗಾ ಅದಽ ಐತಿ ಹೌದಿಲ್ಲೋ?"

"ಹೌದ್ರಿ ಅಪ್ಪಾ. ಹಲಗಿ ಗುರುತು ಹಿಡದಽ ನಿಂದರತೀನ್ರಿ."

"ಪುಡಿ ಯಾವಾಗ ಬೀಳತೈತಿ?"

ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಕೇಳಿಕೊಂಡಿರಲಿಲ್ಲ. "ಗೊತ್ತಿಲ್ರಿ."

"ಹಂಗಾರ ನೋಡು. ತಾರೀಖು ಹಾಕು, ವ್ಯಾಳ್ಯಾ ಹಾಕು, ಬರದಿಡು. ಅಂಜಿಕಿ ಬಂತಂದ್ರ ಬಂತು, ಅದು ಬಂದಽ ಬರತೈತಿ. ಬರಿಯೂದು ಬಿಡಬ್ಯಾಡ."

ಬರೆದರು. ರೈಲಿನ ಟೈಮ್‌ಟೇಬಲ್‌ನ ಹಿಂದೆ, ಸಣ್ಣ ಅಕ್ಷರದಲ್ಲಿ, ಕನ್ನಡದಲ್ಲಿ. ಬುಧವಾರ ಬೆಳಿಗ್ಗೆ ಪುಡಿ ಇಷ್ಟು, ಬುಧವಾರ ಐದು ಗಂಟೆಗೆ ಇಷ್ಟು, ಗುರುವಾರ ಬೆಳಿಗ್ಗೆ, ಸಂಜೆ, ಶನಿವಾರ. ಎರಡು ವಾರದಲ್ಲಿ ಕಾಗದವೇ ಹೇಳಿತು. ಗುರುವಾರ ಬೆಳಗಿನಿಂದ ಶನಿವಾರ ಸಂಜೆಯವರೆಗೆ ಏನೂ ಹೆಚ್ಚುತ್ತಿರಲಿಲ್ಲ. ಹೆಚ್ಚುತ್ತಿದ್ದದ್ದು ಬುಧವಾರ ಮಧ್ಯಾಹ್ನ, ಮತ್ತೆ ಶನಿವಾರ ಸಂಜೆಗೂ ಮುಂದಿನ ಬುಧವಾರ ಬೆಳಿಗ್ಗೆಗೂ ನಡುವೆ. ಡೋಲು ಬಾರಿಸುವ ದಿನಗಳು ಬುಧವಾರ ಮತ್ತು ಭಾನುವಾರ.

ಇದನ್ನು ಹೇಗೆ ಹೇಳುವುದು? ರೀನ್‌ರ ಹತ್ತಿರ ಇನ್ನೊಮ್ಮೆ ಹೋಗಲು ಧೈರ್ಯ ಬರಲಿಲ್ಲ. ನನ್ನ ಕಣ್ಣು ಬೇಡ, ಬೇರೆ ಯಾರದಾದರೂ ಕಣ್ಣು ಬೇಕು ಎಂದು ತೋರಿತು. ನವೆಂಬರ್ ಹದಿನಾಲ್ಕರ ಶನಿವಾರ, ಸುರೇಶರಿಗೆ ಹೇಳದೆ, ಸಹೋದ್ಯೋಗಿಯೊಬ್ಬರೊಡನೆ ಪಾಳಿ ಬದಲಿಸಿಕೊಂಡರು. ಸಿಂಧೂರಳನ್ನು ಕರೆದುಕೊಂಡು, ಕೆಲಸದ ನೀಲಿ ಕೋಟು ಮನೆಯಲ್ಲೇ ಬಿಟ್ಟು, ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು, ಟಿಕೆಟ್ ತೆಗೆದುಕೊಂಡು ಪ್ರೇಕ್ಷಕರಂತೆ ಒಳಗೆ ಹೋದರು. ಕೋಣೆ ಕಾಯುವವರು ಕೆಲಸದ ಹೊತ್ತಿನಲ್ಲಿ ಚಿತ್ರ ತೆಗೆಯುವಂತಿಲ್ಲ. ಪ್ರೇಕ್ಷಕರು ತೆಗೆಯಬಹುದು.

ಮೊದಲ ಕೋಣೆಯಲ್ಲಿ ದೇವಾಲಯದ ಬುಡದಿಂದ ತಂದ ಕಲ್ಲಿನ ಹಾವಿನ ತಲೆ, ಎರಡನೆಯದರಲ್ಲಿ ಸಾಲು ಸಾಲು ಕಲ್ಲಿನ ತಲೆಬುರುಡೆಗಳು. ಜನ ಅವುಗಳ ಮುಂದೆ ನಿಂತು ಪಿಸುಗುಡುತ್ತಿದ್ದರು. ವಾಸಂತಿಯವರು ಯಾವುದನ್ನೂ ನೋಡಲಿಲ್ಲ. ಮೂರನೆಯ ಕೋಣೆಯಲ್ಲಿ ಅವರ ಜಾಗದಲ್ಲಿ ನಿಂತಿದ್ದ ಸಹೋದ್ಯೋಗಿ ಕೈಬೀಸಿ ನಕ್ಕಳು. ಅವರ ಮುಖ ಬಿಸಿಯಾಯಿತು. ಕದಿಯಲು ಬಂದವರಂತೆ ಅನಿಸಿತು.

"ನಿನ್ನ ಹಳೇ ಫೋಟೋ ತೆಗಿ. ಸೈಡಿಂದ ತೆಗೆದದ್ದು," ಎಂದರು ಮಗಳಿಗೆ.

ಸಿಂಧೂರ ಫೋನಿನಲ್ಲಿ ಸೆಪ್ಟೆಂಬರಿನ ಚಿತ್ರ ಹುಡುಕಿ, ಆವತ್ತು ನಿಂತಿದ್ದ ಜಾಗ ಗೊತ್ತು ಮಾಡಿಕೊಂಡು, ಮತ್ತೊಂದು ತೆಗೆದಳು. ಎರಡನ್ನೂ ಬೆರಳಿನಿಂದ ಹಿಗ್ಗಿಸಿ ನೋಡಿದಳು. ಮತ್ತೆ ಮೊದಲನೆಯದಕ್ಕೆ ಹೋದಳು.

"ಏನು? ಇಲ್ವಾ? ನಂದೇ ಭ್ರಮೆನಾ?"

"ಅಮ್ಮ, ಲುಕ್. ಪೀಠದ ಅಂಚು ಇಲ್ಲಿದೆ. ಆವಾಗ ಅಂಚಿಗೂ ಇದರ ಕಾಲಿಗೂ ಎರಡು ಬೆರಳು ಗ್ಯಾಪ್. ಈಗ ಒಂದೇ." ಅವಳ ದನಿ ಸಣ್ಣದಾಯಿತು. "ಇಟ್ ಮೂವ್ಡ್."

"ರೀನ್ ಫೋಟೋದಲ್ಲಿ ಸರಿಯಾಗೇ ಇತ್ತಲ್ಲ?"

"ಅವರು ಮುಂದಿನಿಂದ ನೋಡಿದ್ದಾರೆ. ಮುಂದಕ್ಕೆ ಬಂದ್ರೆ ಮುಂದಿನಿಂದ ಹೇಗೆ ಕಾಣುತ್ತೆ? ಅದೇ ಥರ ಇರುತ್ತೆ."

ಭ್ರಮೆಯಲ್ಲ ಎಂದು ಗೊತ್ತಾದಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಈಗ ಅದು ನಿಜವಾಗಿಯೂ ಬೀಳಬಹುದಾಗಿತ್ತು.

ಮನೆಗೆ ಬಂದು ತಾಯಿ ಮಗಳು ಕೂತು ಡಚ್‌ನಲ್ಲಿ ಈಮೇಲ್ ಪತ್ರ ಬರೆದರು. ವಸ್ತುಗಳ ಸಂರಕ್ಷಣೆ ನೋಡಿಕೊಳ್ಳುವ ಫ್ರೌಕೆ ಎಂಬಾಕೆಗೆ. ಎರಡು ಚಿತ್ರ, ದಿನಾಂಕಗಳ ಪಟ್ಟಿ, ಡೋಲಿನ ವಿಷಯ. "ನನ್ನ ತಪ್ಪಿದ್ದರೆ ಕ್ಷಮಿಸಿ" ಎಂಬ ಸಾಲನ್ನು ವಾಸಂತಿಯವರು ಮೂರು ಕಡೆ ಸೇರಿಸಿದರು. ಸಿಂಧೂರ ಎರಡನ್ನು ಅಳಿಸಿದಳು. ಶನಿವಾರ ಸಂಜೆ ಪತ್ರ ಹೋಯಿತು. ಭಾನುವಾರ ಡೋಲಿನ ಹೊತ್ತಿಗೆ ವಾಸಂತಿಯವರು ಮನೆಯ ಅಡುಗೆಕೋಣೆಯಲ್ಲಿ ಗಡಿಯಾರ ನೋಡುತ್ತ ಕೂತಿದ್ದರು. ಸೋಮವಾರ ಉತ್ತರವಿಲ್ಲ. ಮಂಗಳವಾರ ಇಲ್ಲ. ಪತ್ರ ಓದಿ ನಗುತ್ತಿದ್ದಾರೆಯೇ, ರೀನ್‌ರಿಗೆ ತೋರಿಸಿದ್ದಾರೆಯೇ, ಅವರನ್ನು ದಾಟಿ ಹೋದದ್ದಕ್ಕೆ ಏನನ್ನುತ್ತಾರೋ?

ನವೆಂಬರ್ ಹದಿನೆಂಟು, ಬುಧವಾರ. ಗಾಳಿ ಮಳೆಯ ದಿನ. ಹೊರಗೆ ಆಡಲಾಗದ ಮಕ್ಕಳೆಲ್ಲ ಒಳಗೆ ಬಂದಿದ್ದರು. ರೀನ್ ಪತ್ರದ ಮಾತೇ ಎತ್ತಲಿಲ್ಲ. ಎರಡು ಗಂಟೆಗೆ ಮೇಲೆ ಡೋಲು ಶುರುವಾಯಿತು. ಆವತ್ತು ಮಕ್ಕಳು ಹೆಚ್ಚು, ಪೆಟ್ಟು ಜೋರು. ಕೋಣೆಯಲ್ಲಿ ಹತ್ತು ಹನ್ನೆರಡು ಜನ. ಪುಟ್ಟ ಮೊಮ್ಮಗಳ ಕೈಹಿಡಿದ ಅಜ್ಜಿಯೊಬ್ಬರು ಪೆಟ್ಟಿಗೆಯ ಮುಂದೆಯೇ ನಿಂತಿದ್ದರು. ಮಗು ಗಾಜಿಗೆ ಮೂಗು ಒತ್ತಿಕೊಂಡು ದೇವರ ಹಲ್ಲು ಎಣಿಸುತ್ತಿತ್ತು.

ವಾಸಂತಿಯವರು ತಮ್ಮ ಗಂಟಿನ ಮೇಲೆ ನಿಂತು ಹಲ್ಲನ್ನೇ ನೋಡುತ್ತಿದ್ದರು. ಡೋಲಿನ ಒಂದೊಂದು ಪೆಟ್ಟಿಗೂ ಹಲ್ಲಿನ ತುದಿ ಹಸಿರು ಬೆಳಕಿನ ಮೇಲೆ ನಡುಗುತ್ತಿತ್ತು. ನಡುಗಿ ಮೊದಲಿನ ಜಾಗಕ್ಕೆ ಬರುತ್ತಿತ್ತು. ಒಂದು ಸಲ ಬರಲಿಲ್ಲ.

ಆಮೇಲೆ ತಾನು ಏನು ಮಾಡಿದೆನೆಂಬುದು ಅವರಿಗೆ ಕ್ರಮವಾಗಿ ನೆನಪಿಲ್ಲ. ಮೊದಲು ಮಗುವನ್ನು ಭುಜ ಹಿಡಿದು ಹಿಂದಕ್ಕೆ ಸರಿಸಿದರು. ಪ್ರೇಕ್ಷಕರನ್ನು ಮುಟ್ಟಬಾರದು ಎಂಬುದು ಅಲ್ಲಿನ ಮೊದಲ ನಿಯಮ. ಅಜ್ಜಿ ಚೀರಿದರು. "ಕೋಣೆ ಮುಚ್ಚಿದೆ, ದಯವಿಟ್ಟು ಹೊರಗೆ, ಎಲ್ಲರೂ ಹೊರಗೆ," ಎಂದು ವಾಸಂತಿಯವರು ಕೂಗಿದರು. ಅಷ್ಟು ಜೋರಾಗಿ ಡಚ್‌ನಲ್ಲಿ ಅವರು ಯಾವತ್ತೂ ಮಾತಾಡಿರಲಿಲ್ಲ. ಜನ ಗೊಂದಲದಿಂದ ಹೊರಟರು. ಬಾಗಿಲಿಗೆ ಹಗ್ಗ ಎಳೆದು ವಾಕಿಟಾಕಿ ಒತ್ತಿದರು.

"ರೀನ್, ಡೋಲು ನಿಲ್ಲಿಸಿ. ಈಗಲೇ."

"ಏನಾಯಿತು?"

"ಹರವಿ ಜರುಗುತ್ತಿದೆ. ನಾನು ಕೋಣೆ ಮುಚ್ಚಿದ್ದೇನೆ."

ಒಂದು ಕ್ಷಣ ಗರಗರ ಸದ್ದು. "ವಾಸಂತಿ, ಕೋಣೆ ಮುಚ್ಚುವ ಅಧಿಕಾರ ನಿಮಗಿಲ್ಲ. ನಾನು ಬರುತ್ತೇನೆ. ಅಲ್ಲಿಯವರೆಗೆ ಜನರನ್ನು ಒಳಗೆ ಬಿಡಿ."

"ಬಿಡುವುದಿಲ್ಲ," ಎಂದರು.

ಹಗ್ಗದ ಆಚೆ ಅಜ್ಜಿ ಸಿಟ್ಟಿನಿಂದ ಹೆಸರು ಕೇಳುತ್ತಿದ್ದರು. ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಒಂದೊಂದೇ ಅಕ್ಷರ ಓದಿ ಬರೆದುಕೊಂಡರು. ಮೇಲೆ ಡೋಲು ನಿಂತಿರಲಿಲ್ಲ. ಮೇಲಕ್ಕೆ ಓಡಿಹೋಗಿ ನಿಲ್ಲಿಸಲೇ ಎನಿಸಿತು. ಆದರೆ ಕೋಣೆ ಬಿಟ್ಟು ಹೋಗುವುದು ಹೇಗೆ? ಪೆಟ್ಟಿಗೆಯ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತರು. ಒಳಗಿನದು ಬಿದ್ದರೆ ಅದರಿಂದ ಏನೂ ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಕೈ ತೆಗೆಯಲಾಗಲಿಲ್ಲ. ದುಂಡು ಕಣ್ಣುಗಳು ಗೇಣಿನ ದೂರದಲ್ಲಿ ಅವರನ್ನೇ ನೋಡುತ್ತಿದ್ದವು.

ರೀನ್ ಬಂದಾಗ ಮುಖ ಕೆಂಪಾಗಿತ್ತು. ಹಗ್ಗ ದಾಟಿ ಬಂದವರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಮೇಲೆ ಎಲ್ಲ ಡೋಲುಗಳ ಪೆಟ್ಟು ಒಟ್ಟಿಗೆ ಬಿತ್ತು. ಅವರೂ ಒಂದು ಅಂಗೈಯನ್ನು ಗಾಜಿನ ಮೇಲಿಟ್ಟರು. ತೆಗೆದರು. ಮತ್ತೆ ಇಟ್ಟರು. ಬೈಗುಳ ಬರಲಿಲ್ಲ. ಬಾಗಿ ಪಕ್ಕದಿಂದ ಹರವಿಯ ಬುಡ ನೋಡಿದರು. ಆಮೇಲೆ ವಾಕಿಟಾಕಿ ಬಾಯಿಗೆ ಹಿಡಿದು ಮೇಲಿನವರಿಗೆ ಒಂದೇ ಮಾತು ಹೇಳಿದರು.

ಡೋಲು ನಿಂತಿತು. ಆ ನಿಶ್ಶಬ್ದದಲ್ಲಿ ವಾಸಂತಿಯವರಿಗೆ ಮಳೆ ಕಿಟಕಿಗೆ ಬಡಿಯುವ ಸದ್ದು ಮೊದಲ ಬಾರಿಗೆ ಕೇಳಿಸಿತು.

ಫ್ರೌಕೆ ರಜೆಯಲ್ಲಿದ್ದಳು, ಪತ್ರವನ್ನು ತೆರೆದೇ ಇರಲಿಲ್ಲ. ರೀನ್ ಅವಳ ಮನೆಗೆ ಫೋನ್ ಮಾಡಿ ಕರೆಸಿದರು. ನಾಲ್ಕೂವರೆಗೆ ಒದ್ದೆ ಕೂದಲಿನಲ್ಲೇ ಬಂದು, ಕೈಗವಸು ತೊಟ್ಟು, ಇನ್ನಿಬ್ಬರ ಜೊತೆ ಪೆಟ್ಟಿಗೆ ತೆರೆದಳು. ಹರವಿಯನ್ನು ಹಿಡಿದಿದ್ದ ಲೋಹದ ಕೊಕ್ಕೆಗಳಲ್ಲಿ ಹಿಂದಿನ ಎರಡು ಸಡಿಲವಾಗಿ, ಒಳಗಿನ ರಬ್ಬರು ಜಾರಿಹೋಗಿತ್ತು. ಹಿಂದಿನಿಂದ ನೋಡಿದವರಿಗೆ ಮಾತ್ರ ಅದು ಕಾಣುವಂತಿತ್ತು. ಹರವಿ ಹದಿನೇಳು ಮಿಲಿಮೀಟರ್ ಮುಂದೆ ಬಂದಿತ್ತು. ಎಡಗಾಲಿನ ಹಳೆಯ ಬೆಸುಗೆಯಲ್ಲಿ ಕೂದಲಿನಂಥ ಹೊಸ ಬಿರುಕು. ಅವರು ಅದನ್ನು ಎತ್ತಿ ಮೆತ್ತನೆಯ ಹಾಸಿನ ಮೇಲೆ ಮಲಗಿಸಿದರು. ವಾಸಂತಿಯವರನ್ನು ಯಾರೂ ಹೊರಗೆ ಹೋಗು ಎನ್ನಲಿಲ್ಲ. ಅವರು ಗೋಡೆಗೆ ಒರಗಿ ನಿಂತಿದ್ದರು.

"ಇವತ್ತು ನಿಲ್ಲಿಸದಿದ್ದರೆ ಬೀಳುತ್ತಿತ್ತಾ?" ಎಂದು ಆಮೇಲೆ ಕೇಳಿದರು.

ಫ್ರೌಕೆ ಯೋಚಿಸಿದಳು. "ಗೊತ್ತಿಲ್ಲ. ಜನವರಿಯವರೆಗೆ ಹಾಗೇ ನಿಂತಿರಬಹುದಿತ್ತು. ನಾಳೆ ಬೀಳಬಹುದಿತ್ತು. ನಿಜವಾಗಿಯೂ ಗೊತ್ತಿಲ್ಲ."

ಆ ಉತ್ತರ ಅವರನ್ನು ಬಹಳ ದಿನ ಕಾಡಿತು. ಬೀಳುತ್ತಿತ್ತು ಎಂದಿದ್ದರೆ ನೆಮ್ಮದಿಯಿರುತ್ತಿತ್ತು. ಪ್ರದರ್ಶನದ ಉಳಿದ ಎರಡು ತಿಂಗಳು ಮಳೆದೇವರು ಕೆಳಗಿನ ಮಹಡಿಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದರು. ಮೂರನೆಯ ಕೋಣೆಯಲ್ಲಿ ಅದರ ದೊಡ್ಡ ಚಿತ್ರವೊಂದನ್ನು ತೂಗುಹಾಕಿದರು. ದೂರದಿಂದ ಬಂದವರು, "ಅಯ್ಯೋ, ಇದನ್ನು ನೋಡಲಿಕ್ಕೇ ಬಂದಿದ್ದೆವು," ಎಂದಾಗಲೆಲ್ಲ ಖಾಲಿ ಕೋಣೆ ಕಾಯುತ್ತ ನಿಂತ ವಾಸಂತಿಯವರಿಗೆ, ಇದನ್ನು ಇವರಿಂದ ಕಸಿದುಕೊಂಡವಳು ನಾನೇ ಎನಿಸುತ್ತಿತ್ತು. ಅಜ್ಜಿಯ ದೂರು ಕಾಗದದಲ್ಲಿ ಬಂತು. ಮೊಮ್ಮಗಳನ್ನು ಒರಟಾಗಿ ಎಳೆದರು ಎಂದಿತ್ತು. ಅದಕ್ಕೆ ವಾಸಂತಿಯವರು ಮೇಲಿನವರ ಎದುರು ಕೂತು ಉತ್ತರ ಕೊಡಬೇಕಾಯಿತು. ರೀನ್ ಪಕ್ಕದಲ್ಲಿ ಕೂತಿದ್ದರು. "ಆಕೆ ನನಗೆ ಮೂರು ವಾರ ಮೊದಲೇ ಹೇಳಿದ್ದಳು. ನಾನು ಕೇಳಲಿಲ್ಲ. ದೂರನ್ನು ನನ್ನ ಹೆಸರಿಗೆ ಬರೆದುಕೊಳ್ಳಿ," ಎಂದರು. ವಾಸಂತಿಯವರು ಆ ಮಾತು ಕೇಳಿ ಅಳದಿರಲು ಮೇಜಿನ ಮೇಲಿದ್ದ ಬಿಸ್ಕತ್ತನ್ನು ಪುಡಿ ಮಾಡುತ್ತ ಕೂತರಂತೆ. ಡೋಲಿನ ತರಗತಿ ಪಕ್ಕದ ಕಟ್ಟಡಕ್ಕೆ ಹೋಯಿತು.

ಜನವರಿಯಲ್ಲಿ ಒಪ್ಪಂದ ಒಂದು ವರ್ಷಕ್ಕೆ ಮುಂದುವರಿಯಿತು. ಸುರೇಶ ಸಿಹಿ ತಂದರು. ಆದರೆ ವಾಸಂತಿಯವರ ಮನಸ್ಸು ಅಲ್ಲಿರಲಿಲ್ಲ. ಆ ವಾರವೇ ಹರವಿಯನ್ನು ಹಿಂದಕ್ಕೆ ಕಳಿಸುವುದಿತ್ತು. ಮೆಕ್ಸಿಕೋದಿಂದ ಬಂದಿದ್ದ ಹೆಂಗಸೊಬ್ಬಳು ಮರದ ಪೆಟ್ಟಿಗೆಗೆ ಒಂದೊಂದೇ ತಿರುಪು ಹಾಕುವಾಗ ಫ್ರೌಕೆ ಇವರನ್ನೂ ಕರೆದಳು. ಮುಚ್ಚಳ ಹಾಕುವ ಮೊದಲು ಆ ಹೆಂಗಸು ಪಕ್ಕಕ್ಕೆ ಸರಿದು ಇವರಿಗೆ ನೋಡಲು ಜಾಗ ಬಿಟ್ಟಳು. ಹತ್ತಿಯ ನಡುವೆ ದುಂಡು ಕಣ್ಣಿನ ಅರ್ಧ ಮುಖ ಕಂಡಿತು.

ಲಾರಿ, ವಿಮಾನ, ಮತ್ತೆ ಲಾರಿ. ಎಡಗಾಲಿನ ಬಿರುಕು. ಎಂಟು ದಿನ ಅವರು ಫೋನನ್ನು ಕೈಯಿಂದ ಬಿಡಲಿಲ್ಲ. ಒಂಬತ್ತನೆಯ ದಿನ, ಸೋಮವಾರ, ನೈಮೆಗನ್ನಿನ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ರೀನ್‌ರ ಸಂದೇಶ ಬಂತು. "ತಲುಪಿದೆ. ಬಿರುಕು ಬೆಳೆದಿಲ್ಲ. ಇನ್ನು ನಿದ್ದೆ ಮಾಡಿ."

ಈಗ 2019. ವಾಸಂತಿಯವರು ಕೋಣೆ ಕಾಯುವುದಿಲ್ಲ. ಫ್ರೌಕೆಯ ಕೈಕೆಳಗೆ ತರಬೇತಿ ಪಡೆದು, ವಾರಕ್ಕೆ ಮೂರು ದಿನ ಪೆಟ್ಟಿಗೆಗಳ ತೇವ, ಬಿಸಿ, ಅದುರುವಿಕೆ ಅಳೆಯುವ ಸಣ್ಣ ಯಂತ್ರಗಳನ್ನು ನೋಡಿಕೊಳ್ಳುತ್ತಾರೆ. ಚಿಂತೆ ಕಡಿಮೆಯಾಯಿತೇ ಎಂದು ಕೇಳಿದೆ. "ಇಲ್ಲ," ಎಂದರು. "ಮೊದಲು ಒಂದು ಕೋಣೆ ಇತ್ತು. ಈಗ ಹನ್ನೊಂದು."